ಬಿಸಿಲಿನ ಮೇಲೆ ಗೂಬೆ ಕೂರಿಸುವ ಮುನ್ನ...

"ಗರ್ಮಿ ಹೈ ಸಾಬ್, ಕ್ಯಾ ಕರೇಂಗೆ?"

ಏಪ್ರಿಲ್ ಬಂತೆಂದರೆ ಪುಣೆಯ ಗ್ಯಾರೇಜುಗಳಲ್ಲಿ ಈ ಮಂತ್ರಪಠಣ ಶುರುವಾಗುತ್ತದೆ. ಹೈದರಾಬಾದು, ದಿಲ್ಲಿ, ಚೆನ್ನೈಗಳಲ್ಲಿರುವ ನಮ್ಮವರಿಗೂ ಅಲ್ಲಲ್ಲಿಯ ಭಾಷೆಯಲ್ಲಿ ಇದೇ ಮಂತ್ರ ಕೇಳಿಸಿರಲೇಬೇಕು. ಎಂಜಿನ್ ಕಾಯಿತು, ಸೂಜಿ ಕೆಂಪಿಗೆ ಹೋಯಿತು, ಬಾನೆಟ್ಟಿನ ಸಂದಿಯಿಂದ ಹಬೆ ಬಂತು. ಕಾರಣ? ಬಿಸಿಲು. ಪರಿಹಾರ? ಮೊದಲು ಒಂದು ಬಾಟಲಿ ನೀರು. ಆಮೇಲೆ ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು. ಅದಕ್ಕೂ ಬಗ್ಗದಿದ್ದರೆ ಹೊಸ ರೇಡಿಯೇಟರು, ಹೊಸ ಪಂಪು, ಕೊನೆಗೆ ಹೆಡ್ ಬಿಚ್ಚುವುದು. ಇಷ್ಟು ಆಗುವಷ್ಟರಲ್ಲಿ ಜೂನ್ ಬರುತ್ತದೆ, ಮಳೆ ಬೀಳುತ್ತದೆ, ಕಾರು ತಣ್ಣಗಾಗುತ್ತದೆ. ಮಿಸ್ತ್ರಿ ಗೆದ್ದ, ನಾವು ದುಡ್ಡು ಕಳಕೊಂಡೆವು. ರೋಗ ಮಾತ್ರ ಒಳಗೇ ಕೂತು ಮುಂದಿನ ಏಪ್ರಿಲ್ ಕಾಯುತ್ತಿರುತ್ತದೆ.

ನನ್ನ ವಾದ ಇಷ್ಟೇ. ಬಿಸಿಲು ಎಂಜಿನ್ನನ್ನು ಕೆಡಿಸುವುದಿಲ್ಲ. ಮೊದಲೇ ಕೆಟ್ಟಿದ್ದನ್ನು ಬಯಲಿಗೆ ಹಾಕುತ್ತದೆ, ಅಷ್ಟೇ. "ಬಿಸಿಲು" ಅಂತ ಹೇಳಿ ಕೈತೊಳೆದುಕೊಳ್ಳುವವನು ರೋಗ ಹುಡುಕುವ ಕೆಲಸವನ್ನೇ ಬಿಟ್ಟಿದ್ದಾನೆ ಅಂತ ಅರ್ಥ. ಅಂಥವನ ಕೈಗೆ ಸ್ಪ್ಯಾನರ್ ಕೊಡಬೇಡಿ.

ಇದನ್ನೆಲ್ಲ ಹೇಳಲು ನೀನ್ಯಾರಪ್ಪ ಅನ್ನುತ್ತೀರಿ. ನಾನು ಧಾರವಾಡ ಕಡೆಯವನು. 1994ರಲ್ಲಿ ಪುಣೆಗೆ ಬಂದು ಪಿಂಪ್ರಿ-ಚಿಂಚವಾಡದ ಕಾರ್ಖಾನೆ ಸೇರಿದವನು, ಬಹಳ ವರ್ಷ ಎಂಜಿನ್ ಟೆಸ್ಟ್ ಬೆಡ್ಡಿನ ಪಕ್ಕ ನಿಂತವನು. ಅಲ್ಲಿ ಎಂಜಿನ್ ಕಾದರೆ "ಇವತ್ತು ಸೆಕೆ ಜಾಸ್ತಿ ಸಾಹೇಬ್ರ" ಅಂತ ಹೇಳಿ ಬಚಾವಾಗಲು ಸಾಧ್ಯವಿರಲಿಲ್ಲ. ನೀರು ಒಳಗೆ ಹೋಗುವಾಗ ಎಷ್ಟು ಡಿಗ್ರಿ, ಹೊರಗೆ ಬರುವಾಗ ಎಷ್ಟು, ಒತ್ತಡ ಎಷ್ಟು, ಮೊದಲು ಅದನ್ನು ಹೇಳು ಅನ್ನುತ್ತಿದ್ದರು. ಮೊದಲು ಅಳತೆ, ಆಮೇಲೆ ಸ್ಪ್ಯಾನರ್. ನಾನು ಕಲಿತ ವಿದ್ಯೆ ಇಷ್ಟೇ, ಮತ್ತು ಗ್ಯಾರೇಜುಗಳಲ್ಲಿ ನನಗೆ ಕಾಣದೇ ಇರುವುದೂ ಇದೇ.

ಸರಿ, ಲೆಕ್ಕಕ್ಕೆ ಬರೋಣ. ಲೆಕ್ಕ ಅಂದರೆ ಹೆದರಬೇಡಿ, ಐದನೇ ಕ್ಲಾಸಿನ ಕಳೆಯುವ ಲೆಕ್ಕ. ಎಂಜಿನ್ನಿನೊಳಗೆ ತಿರುಗುವ ನೀರು ಸುಮಾರು 95 ಡಿಗ್ರಿ ಇರುತ್ತದೆ ಅಂದುಕೊಳ್ಳಿ. ರೇಡಿಯೇಟರ್ ಆ ಬಿಸಿಯನ್ನು ಹೊರಗಿನ ಗಾಳಿಗೆ ದಾಟಿಸಬೇಕು. ಎಷ್ಟು ದಾಟುತ್ತದೆ ಅನ್ನುವುದು ಎರಡರ ನಡುವಿನ ವ್ಯತ್ಯಾಸದ ಮೇಲೆ ನಿಂತಿದೆ. ಡಿಸೆಂಬರಿನ ಮಧ್ಯಾಹ್ನ ಹೊರಗೆ 28 ಡಿಗ್ರಿ, ವ್ಯತ್ಯಾಸ 67. ಮೇ ತಿಂಗಳಲ್ಲಿ ಹೊರಗೆ 40, ವ್ಯತ್ಯಾಸ 55. ಅಂದರೆ ಕಡಿಮೆಯಾದದ್ದು ನೂರಕ್ಕೆ ಹದಿನೆಂಟು. ಅಷ್ಟೇ! ಇದೇ ಮಾಡೆಲ್ಲಿನ ಕಾರು ಬಿಕಾನೇರದಲ್ಲೂ ನಾಗಪುರದಲ್ಲೂ ನಮ್ಮ ಕಲಬುರಗಿಯಲ್ಲೂ 45 ಡಿಗ್ರಿಯಲ್ಲಿ ಓಡಾಡುತ್ತಿದೆ. ಕಂಪನಿಯವರು ಅದನ್ನು ಲೆಕ್ಕಕ್ಕೆ ಹಿಡಿದೇ ರೇಡಿಯೇಟರಿನ ಅಳತೆ ಇಟ್ಟಿರುತ್ತಾರೆ. ಪುಣೆಯ 40 ಡಿಗ್ರಿಗೆ ನಿಮ್ಮ ಕಾರು ಏದುಸಿರು ಬಿಡುತ್ತಿದ್ದರೆ, ಆ ಹೆಚ್ಚುವರಿ ಶಕ್ತಿಯನ್ನು ಅದು ಎಂದೋ ಕಳಕೊಂಡಿದೆ. ಚಳಿಗಾಲದಲ್ಲಿ ನಿಮಗದು ಗೊತ್ತಾಗಲಿಲ್ಲ.

ಬಿಸಿಲಿನ ಜೊತೆಗೆ ಇನ್ನೊಂದು ಸೇರುತ್ತದೆ, ಅದನ್ನು ಒಪ್ಪುತ್ತೇನೆ. ಎಸಿ. ಅದರ ಕಂಡೆನ್ಸರ್ ಕೂತಿರುವುದು ರೇಡಿಯೇಟರಿನ ಮುಂದೆಯೇ. ಕಾರಿನೊಳಗಿನ ಸೆಕೆಯನ್ನೆಲ್ಲ ತಂದು ಅಲ್ಲಿ ಸುರಿಯುತ್ತದೆ, ಆ ಬಿಸಿಗಾಳಿಯೇ ಹಿಂದಿನ ರೇಡಿಯೇಟರಿಗೆ ಸಿಗುವುದು. ಅದರ ಮೇಲೆ ಐದು ಜನ, ಡಿಕ್ಕಿ ತುಂಬ ಸಾಮಾನು, ಮುಂದೆ ಘಾಟಿ. ಇಷ್ಟೆಲ್ಲ ಇದ್ದರೂ ಆರೋಗ್ಯವಂತ ಕಾರು ಹತ್ತುತ್ತದೆ ಸ್ವಾಮಿ. ಅದಕ್ಕೇ ಅದನ್ನು ಮಾಡಿರುವುದು.

ಈಗ ಮುಚ್ಚಳದ ಮಾತು. ಮನೆಯಲ್ಲಿ ಕುಕ್ಕರ್ ಇದೆಯಲ್ಲ, ಅದರ ಗ್ಯಾಸ್ಕೆಟ್ ಸಡಿಲವಾದರೆ ಏನಾಗುತ್ತದೆ? ಸೀಟಿ ಹೊಡೆಯುವುದಿಲ್ಲ, ಪಕ್ಕದಿಂದ ಹಬೆ ಸೋರುತ್ತದೆ, ಬೇಳೆ ಬೇಯುವುದಿಲ್ಲ. ನಮ್ಮ ಮನೆಗಳಲ್ಲಿ ಯಾವ ಹೆಂಗಸೂ ಆಗ "ಒಲೆ ಸರಿ ಇಲ್ಲ" ಅಂತ ಹೇಳಿ ಹೊಸ ಒಲೆ ತರುವುದಿಲ್ಲ, ಗ್ಯಾಸ್ಕೆಟ್ ಬದಲಿಸುತ್ತಾಳೆ. ರೇಡಿಯೇಟರಿನ ಮುಚ್ಚಳವೂ ಅದೇ ಕುಕ್ಕರಿನ ಮುಚ್ಚಳ. ಅದರ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ ನೋಡಿ, ಅದು ಒತ್ತಡ. ಆ ಒತ್ತಡ ಇದ್ದರೆ ಬರೀ ನೀರೂ 118-120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಅರ್ಧ ಕೂಲಂಟ್ ಬೆರೆಸಿದ್ದರೆ ಇನ್ನೂ ಏಳೆಂಟು ಡಿಗ್ರಿ ಮೇಲೆ. ಒತ್ತಡ ನಿಲ್ಲದಿದ್ದರೆ? ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಸಾಮಾನ್ಯವಾಗಿ ಓಡುವುದೇ 90ರ ಆಚೀಚೆ! ಹೊಸ ಕಾರುಗಳಲ್ಲಿ ಇದೇ ಮುಚ್ಚಳ ಪಕ್ಕದ ಪ್ಲಾಸ್ಟಿಕ್ ಟ್ಯಾಂಕಿನ ಮೇಲೆ ಇರುತ್ತದೆ, ಕೆಲಸ ಒಂದೇ.

ನಮ್ಮ ಸೊಸೈಟಿಯಲ್ಲಿ ಗದಗಿನವರೊಬ್ಬರಿದ್ದಾರೆ. ಅವರ ಏಳು ವರ್ಷದ ಕಾರು 2023ರ ಬೇಸಿಗೆಯಲ್ಲಿ ಕಾಯಲು ಶುರುವಾಯಿತು. ದೊಡ್ಡ ಬೋರ್ಡಿನ, ಎಸಿ ವೇಟಿಂಗ್ ರೂಮಿನ ಸರ್ವಿಸ್ ಸೆಂಟರಿಗೆ ಹೋದರು. ಮೊದಲು ರೇಡಿಯೇಟರ್ ಬದಲಾಯಿತು. ಹದಿನೈದು ದಿನ ಬಿಟ್ಟು ಮತ್ತೆ ಕಾಯಿತು, ವಾಟರ್ ಪಂಪ್ ಬದಲಾಯಿತು. ಮತ್ತೆ ಕಾಯಿತು. "ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಬಿಚ್ಚಿ ನೋಡೋಣ" ಅಂದರು. ಆಗ ನನ್ನ ಹತ್ತಿರ ಬಂದರು. ಒತ್ತಡ ನೋಡುವ ಕೈಪಂಪು ನನ್ನ ಬಳಿ ಇದೆ. ರೇಡಿಯೇಟರಿಗೆ ಹಚ್ಚಿ ಒತ್ತಡ ಏರಿಸಿ ಹದಿನೈದು ನಿಮಿಷ ಬಿಟ್ಟೆ, ಮುಳ್ಳು ಅಲ್ಲಾಡಲಿಲ್ಲ. ಎಲ್ಲೂ ಸೋರಿಕೆ ಇಲ್ಲ. ಆಮೇಲೆ ಮುಚ್ಚಳವನ್ನು ಹಚ್ಚಿ ನೋಡಿದೆ. 0.9ಕ್ಕೆ ಬಿಡಬೇಕಾದದ್ದು 0.3 ದಾಟುವ ಮೊದಲೇ ಪುಸ್ಸೆಂದಿತು. ರಬ್ಬರು ಒಣಗಿ ಹಪ್ಪಳವಾಗಿತ್ತು. ಹೊಸ ರೇಡಿಯೇಟರ್ ಮುಚ್ಚಳವಿಲ್ಲದೆ ಬಂದಿತ್ತು, ಹಳೆಯದನ್ನೇ ಅದಕ್ಕೆ ತಿರುಪಿದ್ದರು! ಎರಡು ಬಿಲ್ಲು ಸೇರಿ ಅವರು ಕಟ್ಟಿದ್ದು ಹತ್ತೊಂಬತ್ತು ಸಾವಿರ ಚಿಲ್ಲರೆ. ಹೊಸ ಮುಚ್ಚಳಕ್ಕೆ ಮುನ್ನೂರು ರೂಪಾಯಿ. ಕಾರು ಇವತ್ತಿಗೂ ಕಾದಿಲ್ಲ.

ಎರಡೆರಡು ದೊಡ್ಡ ಭಾಗ ಬದಲಿಸಿದ ಆ ಬಿಲ್ಲಿನಲ್ಲಿ ಒಂದೇ ಒಂದು ಅಳತೆ ಬರೆದಿರಲಿಲ್ಲ ಅನ್ನುವುದೇ ನನ್ನ ಸಿಟ್ಟು. ಡಾಕ್ಟರು ಜ್ವರ ನೋಡದೆ ಆಪರೇಷನ್ ಮಾಡಿದ ಹಾಗೆ.

ಇನ್ನು ಥರ್ಮೋಸ್ಟಾಟ್. ಪಾಪದ ಜೀವಿ ಅದು. ಒಳಗೊಂದಿಷ್ಟು ಮೇಣ, ಒಂದು ಸ್ಪ್ರಿಂಗು. ನೀರು 82-88 ಡಿಗ್ರಿಗೆ ಬಂದಾಗ ಮೇಣ ಕರಗಿ ಬಾಗಿಲು ತೆರೆಯುತ್ತದೆ. "ನಮ್ಮ ದೇಶಕ್ಕೆ ಇದು ಬೇಕಾಗಿಲ್ಲ, ಚಳಿ ದೇಶದವರಿಗೆ ಮಾತ್ರ" ಅಂತ ಕಿತ್ತೊಗೆಯುವವರು ಊರ ತುಂಬ ಇದ್ದಾರೆ. ಬೇಕಾಗಿಲ್ಲದೆ ಇದ್ದರೆ ಇಲ್ಲಿ ಮಾಡುವ ಕಾರುಗಳಲ್ಲಿ ಯಾಕೆ ಹಾಕುತ್ತಾರೆ? ದಾನಕ್ಕೋ? ಅದನ್ನು ತೆಗೆದರೆ ಹೆದ್ದಾರಿಯಲ್ಲಿ ಎಂಜಿನ್ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಅಂತ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲ್ ಕೊಳೆಯಾಗುತ್ತದೆ, ಸವೆತ ಹೆಚ್ಚುತ್ತದೆ. ಇನ್ನೂ ದೊಡ್ಡ ತಮಾಷೆ ಕೇಳಿ. ಎಷ್ಟೋ ಎಂಜಿನ್ನುಗಳಲ್ಲಿ ಥರ್ಮೋಸ್ಟಾಟಿಗೆ ಎರಡು ಬಾಗಿಲು. ಒಂದು ರೇಡಿಯೇಟರಿನ ದಾರಿ ತೆರೆಯುವಾಗ ಇನ್ನೊಂದು ಅಡ್ಡದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಅಡ್ಡದಾರಿ ಸದಾ ತೆರೆದೇ ಇರುತ್ತದೆ. ಬಿಸಿನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ವಾಪಸು ಎಂಜಿನ್ನಿಗೆ ಹೋಗುತ್ತದೆ. ಅಂದರೆ ಕಾಯುವುದನ್ನು ನಿಲ್ಲಿಸಲು ಮಾಡಿದ ಉಪಾಯದಿಂದಲೇ ಕಾರು ಇನ್ನಷ್ಟು ಕಾಯುತ್ತದೆ!

ಥರ್ಮೋಸ್ಟಾಟ್ ಕೆಟ್ಟಿರಬಾರದು ಅಂತಲ್ಲ, ಕೆಡುತ್ತದೆ. ಅನುಮಾನ ಬಂದರೆ ಬಿಚ್ಚಿ, ದಾರ ಕಟ್ಟಿ ಬೇಡದ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಒಲೆ ಹಚ್ಚಿ. ಅದರ ಮೇಲೆ ಅಚ್ಚೊತ್ತಿದ ಡಿಗ್ರಿಯ ಹತ್ತಿರ ಬಾಯಿ ಬಿಡಬೇಕು. ಬಿಡಲಿಲ್ಲವೋ, ಹೊಸದು ಹಾಕಿ. ಜಾಗ ಮಾತ್ರ ಖಾಲಿ ಬಿಡಬೇಡಿ.

ನೀರಿನ ಮಾತೂ ಹೇಳಲೇಬೇಕು. ಪುಣೆಯ ಹೊರವಲಯದ ಸೊಸೈಟಿಗಳಲ್ಲಿ ಅರ್ಧ ಬದುಕು ಬೋರ್‌ವೆಲ್ ಮತ್ತು ಟ್ಯಾಂಕರ್ ಮೇಲೆ. ಬಾತ್‌ರೂಮಿನ ಗೀಸರ್ ಬಿಚ್ಚಿದಾಗ ಕಾಯಿಲ್ ಮೇಲೆ ಸುಣ್ಣದ ತೊಗಟೆ ಕಟ್ಟಿರುವುದನ್ನು ನೀವೆಲ್ಲ ನೋಡಿದ್ದೀರಿ. ಅದೇ ನೀರನ್ನು ಬಾಟಲಿಯಲ್ಲಿ ಹಿಡಿದು ರೇಡಿಯೇಟರಿಗೆ ಹಾಕುತ್ತೀರಿ. ಅಲ್ಲಿ ಮಾತ್ರ ಸುಣ್ಣ ಕಟ್ಟುವುದಿಲ್ಲವೇ? ರೇಡಿಯೇಟರಿನ ಕೊಳವೆಗಳು ಅಲ್ಯೂಮಿನಿಯಂ, ಬಿಸಿಯನ್ನು ಸರಾಗವಾಗಿ ದಾಟಿಸುತ್ತವೆ. ಸುಣ್ಣದ ಪದರ ಅದರ ನೂರನೇ ಒಂದು ಪಾಲು ದಾಟಿಸಿದರೆ ಹೆಚ್ಚು. ಅಂದರೆ ನೀವು ಎಂಜಿನ್ನಿಗೆ ಒಳಗಿನಿಂದ ಕಂಬಳಿ ಹೊದಿಸುತ್ತಿದ್ದೀರಿ. "ಇಲ್ಲೇನು ಹಿಮ ಬೀಳುತ್ತದಾ, ಕೂಲಂಟ್ ಯಾಕೆ?" ಅಂತ ಕೇಳುವವರಿಗೆ ಉತ್ತರ ಇದು: ನಮಗೆ ಅದು ಬೇಕಿರುವುದು ಹಿಮಕ್ಕಲ್ಲ, ಒಳಗೆ ತುಕ್ಕು-ತೊಗಟೆ ಹಿಡಿಯದಿರಲು ಮತ್ತು ಕುದಿಯುವ ಡಿಗ್ರಿ ಮೇಲೇರಲು. ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಎಲ್ಲ ಕಂಪನಿಗಳ ಇಷ್ಟ. ಕಾರಿನ ಪುಸ್ತಕದಲ್ಲಿ ಹೇಳಿದ ಜಾತಿಯದನ್ನು, ಬೆರೆಸುವಂಥದ್ದಾದರೆ ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಿ ಹಾಕಿ. ಉಳಿದದ್ದನ್ನು ಮಕ್ಕಳ, ನಾಯಿಗಳ ಕೈಗೆ ಬಾಯಿಗೆ ಸಿಗದಂತೆ ಇಡಿ. ಸಿಹಿಯಾಗಿರುತ್ತದೆ, ಆದರೆ ವಿಷ.

ಹಾಗಾದರೆ ರೋಗ ಹುಡುಕುವುದು ಹೇಗೆ? ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಯಾವಾಗ ಕಾಯುತ್ತದೆ? ಈ ಒಂದು ಪ್ರಶ್ನೆ ಕೇಳದ ಮಿಸ್ತ್ರಿಯ ಹತ್ತಿರ ನಿಲ್ಲಬೇಡಿ.

ಸಿಗ್ನಲ್ಲಿನಲ್ಲಿ, ಟ್ರಾಫಿಕ್ಕಿನಲ್ಲಿ ಕಾದು, ಓಡಲು ಶುರುವಾದ ಮೇಲೆ ಇಳಿಯುತ್ತದೆಯೇ? ಹಾಗಾದರೆ ನೀರಿನ ಹರಿವು ಸರಿ ಇದೆ, ಗಾಳಿ ಇಲ್ಲ. ಫ್ಯಾನ್ ನೋಡಿ. ಎಸಿ ಹಾಕಿದೊಡನೆ ಬಹುತೇಕ ಕಾರುಗಳಲ್ಲಿ ಫ್ಯಾನ್ ತಿರುಗಲೇಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ವೈರಿನ ಕನೆಕ್ಟರ್, ಕೊನೆಗೆ ಮೋಟರ್, ಈ ಸಾಲಿನಲ್ಲಿ ಹೋಗಿ. ಎರಡು ವೇಗದ ಫ್ಯಾನುಗಳಲ್ಲಿ ನಿಧಾನದ ವೇಗ ಮಾತ್ರ ಸತ್ತಿರುವುದೂ ಉಂಟು. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ, ಧೂಳು, ಹುಳ, ಹತ್ತಿಯಂಥ ಕಸ ಮೆತ್ತಿಕೊಂಡಿರುತ್ತದೆ. ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೋರು ಜೆಟ್ ಹೊಡೆದರೆ ತೆಳು ರೆಕ್ಕೆಗಳು ಮಡಚಿ, ಇರುವ ಗಾಳಿಯೂ ನಿಲ್ಲುತ್ತದೆ.

ಊರೊಳಗೆ ಸರಿ ಇದ್ದು, ಹೆದ್ದಾರಿಯಲ್ಲಿ, ಘಾಟಿಯಲ್ಲಿ ಕಾಯುತ್ತದೆಯೇ? ಈಗ ಗಾಳಿ ಬೇಕಾದಷ್ಟಿದೆ, ನೀರು ಸಾಲದು. ರೇಡಿಯೇಟರ್ ಒಳಗೆ ಕಟ್ಟಿರಬಹುದು. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಅದರ ಮೈಮೇಲೆಲ್ಲ ಅಳೆಯಿರಿ, ನಡುವೆ ತಣ್ಣಗಿನ ತೇಪೆಗಳಿದ್ದರೆ ಅಲ್ಲಿ ನೀರು ಹರಿಯುತ್ತಿಲ್ಲ. ವಾಟರ್ ಪಂಪಿನ ರೆಕ್ಕೆ ಸವೆದಿರಬಹುದು, ಬೆಲ್ಟ್ ಜಾರುತ್ತಿರಬಹುದು, ಥರ್ಮೋಸ್ಟಾಟ್ ಅರ್ಧ ಬಾಯಿ ತೆರೆದು ನಿಂತಿರಬಹುದು, ಕೆಳಗಿನ ಹೋಸ್ ಪೈಪು ಮೆತ್ತಗಾಗಿ ಪಂಪಿನ ಎಳೆತಕ್ಕೆ ಒಳಕ್ಕೆ ಕುಸಿಯುತ್ತಿರಬಹುದು.

ಹೊರಟ ಹತ್ತೇ ನಿಮಿಷಕ್ಕೆ ಕಾಯುತ್ತದೆಯೇ? ನೀರು ಕಡಿಮೆ, ಇಲ್ಲವೇ ಗಾಳಿ ಸಿಕ್ಕಿಕೊಂಡಿದೆ, ಇಲ್ಲವೇ ಥರ್ಮೋಸ್ಟಾಟ್ ತೆರೆಯುತ್ತಲೇ ಇಲ್ಲ. ಸೂಜಿ ಮೇಲಿದ್ದೂ ಹೀಟರಿನಲ್ಲಿ ತಣ್ಣನೆ ಗಾಳಿ ಬಂದರೆ ಬಿಸಿನೀರು ಅಲ್ಲಿಗೆ ತಲುಪುತ್ತಿಲ್ಲ ಅಂತ ತಿಳಿಯಿರಿ.

ವಾರ ವಾರ ನೀರು ಕಡಿಮೆಯಾಗುತ್ತದೆ, ಆದರೆ ನೆಲದ ಮೇಲೆ ಹನಿ ಇಲ್ಲವೇ? ಮೊದಲು ಕೈಪಂಪಿನ ಪರೀಕ್ಷೆ, ಮುಚ್ಚಳದ ಪರೀಕ್ಷೆ. ಎರಡೂ ಸರಿ ಇದ್ದ ಮೇಲೆ ಮಾತ್ರ ಹೆಡ್ ಗ್ಯಾಸ್ಕೆಟ್ ಹೆಸರು ಎತ್ತಬೇಕು. ಅದಕ್ಕೂ ಪರೀಕ್ಷೆ ಇದೆ. ನೀಲಿ ದ್ರಾವಣದ ಕಿಟ್ ಬರುತ್ತದೆ. ಉರಿದ ಅನಿಲ ಕೂಲಂಟಿಗೆ ನುಗ್ಗುತ್ತಿದ್ದರೆ ಅದು ಹಳದಿಯಾಗುತ್ತದೆ. ಸೈಲೆನ್ಸರಿನಿಂದ ನಿಲ್ಲದ ಬಿಳಿ ಹೊಗೆ, ಟ್ಯಾಂಕಿನಲ್ಲಿ ನಿಲ್ಲದ ಗುಳ್ಳೆ ಇದ್ದರೆ ಅನುಮಾನ ಗಟ್ಟಿ. ಆಯಿಲ್ ಮುಚ್ಚಳದ ಒಳಗೆ ತುಸು ಬಿಳಿ ನೊರೆ ಕಂಡ ಮಾತ್ರಕ್ಕೆ ಹೆಡ್ ಬಿಚ್ಚಲು ಒಪ್ಪಬೇಡಿ, ದಿನಾ ಎರಡು ಕಿಲೋಮೀಟರ್ ಓಡುವ ಕಾರಿನಲ್ಲಿ ಇಬ್ಬನಿಯಿಂದಲೂ ಅದು ಆಗುತ್ತದೆ.

ಕಾರು ಮಾಡುವವರನ್ನೂ ಬಿಡುವ ಹಾಗಿಲ್ಲ. ಮೊದಲೆಲ್ಲ ಪ್ರತಿ ಕಾರಿನಲ್ಲೂ ಬಿಸಿ ತೋರಿಸುವ ಸೂಜಿ ಇರುತ್ತಿತ್ತು. ಈಗ ಎಷ್ಟೋ ಕಾರುಗಳಲ್ಲಿ ಅದನ್ನು ತೆಗೆದು ಒಂದು ನೀಲಿ ದೀಪ, ಒಂದು ಕೆಂಪು ದೀಪ ಇಟ್ಟಿದ್ದಾರೆ. ಕೆಂಪು ಹತ್ತಿದಾಗ ಜ್ವರ ನೆತ್ತಿಗೇರಿರುತ್ತದೆ. ಹಾಡು ಕೇಳಲು ಹತ್ತಿಂಚಿನ ಪರದೆ ಕೊಡುವವರಿಗೆ ಒಂದು ಸೂಜಿ ಕೊಡಲು ಬರುವುದಿಲ್ಲವೇ? ಸೂಜಿ ಇರುವ ಕಾರುಗಳಲ್ಲೂ ಅದು ನಡುವಿನಲ್ಲೇ ಮಂಪರು ಹಿಡಿದು ಕೂತಿರುತ್ತದೆ, ನಾಲ್ಕಾರು ಡಿಗ್ರಿಯ ಏರಿಳಿತ ತೋರಿಸುವುದಿಲ್ಲ. ಸದ್ಯಕ್ಕೆ ಡ್ಯಾಶ್‌ಬೋರ್ಡ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಚಿಕ್ಕ ಬ್ಲೂಟೂತ್ ಡಬ್ಬಿ ಕೊಳ್ಳಿ, ನಿಜವಾದ ಡಿಗ್ರಿ ಮೊಬೈಲಿನಲ್ಲಿ ಕಾಣುತ್ತದೆ. ಪ್ರತಿದಿನ 92 ತೋರಿಸುತ್ತಿದ್ದದ್ದು 99 ತೋರಿಸತೊಡಗಿದರೆ ಏಪ್ರಿಲ್ ಬರುವ ಮೊದಲೇ ನಿಮಗೆ ಸುದ್ದಿ ಸಿಕ್ಕಿತು.

ರಸ್ತೆ ಬದಿಯ ಬಡ ಮಿಸ್ತ್ರಿಗಳ ಮೇಲೆ ಯಾಕ್ರೀ ನಿಮ್ಮ ಕೋಪ ಅಂತ ಕೇಳಬಹುದು. ಅವರ ಮೇಲೆ ನನಗೆ ಕೋಪವಿಲ್ಲ. ಅವರಲ್ಲಿ ಹಳಬರು ಅಂಬಾಸಿಡರು, ಪದ್ಮಿನಿಗಳ ಮೇಲೆ ಕಲಿತವರು. ಆ ಕಾರುಗಳಲ್ಲಿ ಕಾರ್ಬುರೇಟರ್ ಇತ್ತು, ಕಂಪ್ಯೂಟರ್ ಇರಲಿಲ್ಲ. ದಾರಿ ಮಧ್ಯೆ ಕಚ್ಚಿಕೊಂಡ ಥರ್ಮೋಸ್ಟಾಟ್ ಕಿತ್ತು ಜನರನ್ನು ಮನೆ ಮುಟ್ಟಿಸಿದ್ದು ಪುಣ್ಯದ ಕೆಲಸವೇ. ಆ ತುರ್ತು ಉಪಾಯವನ್ನು ಶಾಶ್ವತ ಚಿಕಿತ್ಸೆ ಮಾಡಿಕೊಂಡದ್ದು ತಪ್ಪು. ನನ್ನ ಕೋಪ ಇರುವುದು ಕಂಪ್ಯೂಟರ್ ಚೆಕಪ್ ಹೆಸರಿನಲ್ಲಿ ಬಿಲ್ಲು ಹರಿದು, ಅಂದಾಜಿನ ಮೇಲೆ ಸಾಮಾನು ಮಾರುವವರ ಮೇಲೆ. ಅವರ ಬಳಿ ಉಪಕರಣ ಇದೆ, ಪುಸ್ತಕ ಇದೆ, ಟ್ರೇನಿಂಗ್ ಇದೆ. ಇಲ್ಲದಿರುವುದು ಹದಿನೈದು ನಿಮಿಷದ ತಾಳ್ಮೆ.

ನಮ್ಮ ಮೇಲೂ ಒಂದು ಮಾತು. ನಾವು ಪರಊರಿನವರ ಕಾರುಗಳ ಜಾತಕವೇ ಬೇರೆ. ವರ್ಷಪೂರ್ತಿ ಆಫೀಸು-ಮನೆ ಅಂತ ಹತ್ತು ಕಿಲೋಮೀಟರ್ ತೆವಳುತ್ತವೆ. ಮೇ ತಿಂಗಳಲ್ಲಿ ಒಮ್ಮೆಲೇ ಹೆಂಡತಿ, ಮಕ್ಕಳು, ಅವ್ವ, ಊರಿಗೆ ಒಯ್ಯುವ ಗಂಟುಗಳ ಸಮೇತ ನಾನೂರು ಚಿಲ್ಲರೆ ಕಿಲೋಮೀಟರ್ ಓಡಬೇಕು. ವರ್ಷಾನುಗಟ್ಟಲೆ ಪುಣೆಯಿಂದ ಸಾತಾರಾ ಕಡೆ ಹೊರಟವರಿಗೆಲ್ಲ ಖಂಬಾಟಕಿ ಘಾಟ್ ಗೊತ್ತು. ರಜೆಯ ಶನಿವಾರ ಮುಂದೆ ಲಾರಿ ಸಾಲು, ಮೇಲೆ ಬಿಸಿಲು, ಪಕ್ಕದಲ್ಲಿ ಬಾನೆಟ್ ಎತ್ತಿ ನಿಂತ ಎಮ್‌ಎಚ್, ಕೆಎ ಗಾಡಿಗಳು. ಅವಸರದಲ್ಲಿ ಮುಚ್ಚಳ ತಿರುವಿದವನ ಮುಖಕ್ಕೆ 110 ಡಿಗ್ರಿಯ ನೀರು ಹಬೆಯಾಗಿ ಚಿಮ್ಮುತ್ತದೆ. ಅದು ಬರೀ ಖರ್ಚಿನ ಮಾತಲ್ಲ, ಕಣ್ಣಿನ ಮಾತು. ಹೊರಡುವ ಮುನ್ನ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ, ಇಡೋಣ. ಆದರೆ ಬಾನೆಟ್ ಎತ್ತಿ ಕೂಲಂಟ್ ಎಷ್ಟಿದೆ ಅಂತ ನೋಡುವವರು ಎಷ್ಟು ಜನ?

ದಾರಿಯಲ್ಲಿ ಕಾದರೆ ಎಸಿ ಆರಿಸಿ, ಕಿಟಕಿ ಇಳಿಸಿ, ಹೀಟರ್ ಪೂರ್ತಿ ಹಾಕಿ. ಸೆಕೆಯಾಗುತ್ತದೆ, ಆಗಲಿ, ಎಂಜಿನ್ನಿನ ಬಿಸಿ ಸ್ವಲ್ಪ ಅಲ್ಲಿಂದ ಹೊರಬೀಳುತ್ತದೆ. ಕೆಂಪು ಮುಟ್ಟಿದರೆ ಮುಂದಿನ ಢಾಬಾದವರೆಗೆ ಅಂತ ಎಳೆಯಬೇಡಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿ. ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಲು ಆ ಎರಡು ಕಿಲೋಮೀಟರ್ ಸಾಕು. ಮುಕ್ಕಾಲು ಗಂಟೆ ಮುಚ್ಚಳ ಮುಟ್ಟಬೇಡಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಸೀಳು ಬಿಡಬಹುದು. ಕೊನೆಗೆ ಗತಿಯಿಲ್ಲದೆ ನಳದ ನೀರು ಹಾಕಿದಿರೋ, ಊರು ಮುಟ್ಟಿದ ಮೇಲೆ ಅದನ್ನೆಲ್ಲ ಖಾಲಿ ಮಾಡಿಸಿ ಕೂಲಂಟ್ ತುಂಬಿಸಿ.

ಮುಂದಿನ ಸಲ ಯಾರಾದರೂ "ಗರ್ಮಿ ಹೈ ಸಾಬ್" ಅಂದರೆ ಜಗಳ ಆಡಬೇಡಿ. ಮೂರೇ ಪ್ರಶ್ನೆ ಕೇಳಿ. ಒತ್ತಡ ನೋಡಿದಿರಾ? ಫ್ಯಾನ್ ಎಷ್ಟು ಡಿಗ್ರಿಗೆ ತಿರುಗಿತು? ಮುಚ್ಚಳ ಪರೀಕ್ಷೆ ಮಾಡಿದಿರಾ? ಉತ್ತರ ಇದ್ದರೆ ಅವನು ಕೇಳಿದಷ್ಟು ಕೂಲಿ ಕೊಡಿ, ಚೌಕಾಸಿ ಮಾಡಬೇಡಿ. ಅಂಥವರು ಅಪರೂಪ. ಉತ್ತರ ಇಲ್ಲದಿದ್ದರೆ ಕೀಲಿಕೈ ವಾಪಸು ಇಸಿದುಕೊಂಡು ಬನ್ನಿ.

ನಿಮ್ಮೂರಿನ ಗ್ಯಾರೇಜಿನಲ್ಲಿ ಈ ಮೂರು ಪ್ರಶ್ನೆಗೆ ಏನು ಉತ್ತರ ಸಿಕ್ಕಿತು ಅಂತ ನನಗೂ ಒಂದು ಸಾಲು ಬರೆಯಿರಿ. ಏಪ್ರಿಲ್ಲಿಗೆ ಮೊದಲು ಬರೆದರೆ ಇನ್ನೂ ಒಳ್ಳೆಯದು :-)